ರೊಟ್ಟಿ ಬಡಿಯುವ ಸಪ್ಪಳದ ಕಡತ

ಸಿಂದಗಿಯ ಕೋರ್ಟಿನ ಎದುರಿಗೆ, ಚಹದಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನ ಕಚೇರಿ. ಮೂವತ್ತು ವರ್ಷದಿಂದ ಅಲ್ಲೇ ಕೂತು ವಕೀಲಿಕೆ ಮಾಡಿದ್ದೇನೆ. ಮಾಡಿದ್ದೆಲ್ಲ ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಬಾವಿಗೆ ಹೋಗುವ ಹಾದಿ. ವೀಸಾ, ಪಿಆರ್ ಎಂಬ ಮಾತುಗಳನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಒಮ್ಮೆ ಇಂಡಿ ಊರಿನ ಒಬ್ಬ ನರ್ಸ್ ಹುಡುಗಿಗೆ ಹೊರದೇಶದ ಕೆಲಸಕ್ಕೆ ಬೇಕಾದ ಒಂದು ಅಫಿಡವಿಟ್ ಮಾಡಿಕೊಟ್ಟೆ. ಆಕೆಗೆ ವೀಸಾ ಬಂತು. ಬಂದದ್ದು ಆಕೆಯ ಓದಿನಿಂದ, ಹೆಸರು ಬಂದದ್ದು ನನಗೆ. ಅಂದಿನಿಂದ ಹೊರ್ತಿಯಿಂದ, ಮುದ್ದೇಬಿಹಾಳದಿಂದ, ಎಲ್ಲೆಲ್ಲಿಂದಲೋ ಜನ 'ವೀಸಾ ವಕೀಲಬಾಯಿ' ಎಲ್ಲಿ ಅಂತ ಚಹದಂಗಡಿಯಲ್ಲಿ ಕೇಳಿಕೊಂಡು ಮೇಲೆ ಹತ್ತತೊಡಗಿದರು.

ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ. ಆ ದೇಶದ ಕಾಯಿದೆ ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ನಾಟಕ ಮಾಡುವುದೂ ಇಲ್ಲ. ಇಲ್ಲಿಯ ಕಾಗದ ನೆಟ್ಟಗೆ ಮಾಡಿಕೊಡುತ್ತೇನೆ, ಅಷ್ಟೇ. ಆದರೂ ಪ್ರಶ್ನೆಗಳು ನಿಲ್ಲುವುದಿಲ್ಲ.

"ಅಕ್ಕಾರ, ಪಿಆರ್ ಆತಂದ್ರ ಆ ದೇಶದವರೇ ಆಗಿಬಿಡ್ತಾರೇನ್ರಿ?"

"ಇಲ್ಲಪ್ಪ. ಅಲ್ಲಿ ಕಾಯಂ ಇರಾಕ ಪರವಾನಗಿ ಅಷ್ಟ. ಪಾಸ್‌ಪೋರ್ಟ್ ನಮ್ಮದೇ ಇರತೈತಿ."

"ಹಂಗಾದ್ರ ಉತಾರದಾಗಿಂದ ಹೆಸರು ಹೋಗಂಗಿಲ್ಲ?"

ಉತಾರ ಅಂದರೆ ಹೊಲ ಯಾರದು ಅಂತ ಹೇಳುವ ಕಾಗದ. ನಮ್ಮವರು ಏಳು ಸಮುದ್ರ ದಾಟಿದರೂ ಒಂದು ಕಾಲು ಉತಾರದ ಮೇಲೆ ಇಟ್ಟುಕೊಂಡೇ ದಾಟುತ್ತಾರೆ. ಇನ್ನೊಂದು ನಿತ್ಯದ ಗೋಳು, ಎರಡು ಹೆಸರಿನದು. ನಮ್ಮ ಕಡೆ ಮದುವೆಯ ದಿನ ಗಂಡನ ಮನೆಯವರು ಹೆಣ್ಣಿಗೆ ಹೊಸ ಹೆಸರಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಅಂತ ನಾನು ಎಷ್ಟು ಅಫಿಡವಿಟ್ ಮಾಡಿಸಿದ್ದೇನೋ ಲೆಕ್ಕವಿಲ್ಲ. ನನ್ನ ಟೈಪಿಸ್ಟ್ ಚಾಚಾ ಅದನ್ನು ಕಣ್ಣು ಮುಚ್ಚಿ ಹೊಡೆಯುತ್ತಾರೆ. ಚಾಚಾ ಸಿಂದಗಿಯವರೇ, ಹಳೆಯ ಟೈಪ್ ಮಿಷನ್ನಿನ ಕಾಲದಿಂದ ನನ್ನ ಜೊತೆ ಇರುವವರು. ನಾನು ಬೈಯುತ್ತೇನೆ, ಅವರು ನಗುತ್ತಾರೆ. ಕಚೇರಿ ನಡೆಯುವುದು ಹಾಗೆ.

ಈ ಕತೆಯ ಹೆಣ್ಣುಮಗಳು ಬಂದದ್ದು ಯಂಕಂಚಿಯಿಂದ. ತವರು ಮುದ್ದೇಬಿಹಾಳದ ಕಡೆ. ಮೂವತ್ತೈದರ ಆಸುಪಾಸು, ಎತ್ತರದ ಮೈಕಟ್ಟು, ತಲೆಯ ಮೇಲೆ ಸೆರಗು. ಜೊತೆಗೆ ಬಂದಿದ್ದವನು ಗಂಡನ ಅಣ್ಣ, ಆಕೆಯ ಭಾವ. ಐವತ್ತು ದಾಟಿದ ದಪ್ಪ ಮೀಸೆಯ ರೈತ. ಅವನು ಕಾಗದದ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಕೆಳಗಿಳಿದು ಕೋರ್ಟಿನ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಎಷ್ಟು ಸೊಕ್ಕಪ್ಪ ಇವನಿಗೆ ಅಂದುಕೊಂಡೆ. ಜನರನ್ನು ನೋಡಿದ ಕೂಡಲೇ ತೀರ್ಪು ಬರೆಯುವುದು ನನ್ನ ಹಳೇ ಚಾಳಿ.

ಚೀಲದಲ್ಲಿದ್ದದ್ದು ಕೆನಡಾದ ವೀಸಾ ಕಚೇರಿಯಿಂದ ಆಕೆಯ ಗಂಡನಿಗೆ ಬಂದ ಪತ್ರ. ಗಂಡ ವೆಲ್ಡರ್. ಇಂಡಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ಕೆಲಸ ಕಲಿತು, ಮದುವೆಯ ಮುಂದಿನ ವರ್ಷವೇ ದುಬೈಗೆ ಹೋಗಿ, ಅಲ್ಲಿಂದ ಕೆನಡಾದ ಬಯಲು ನಾಡಿನ ಒಂದು ಸಣ್ಣ ಊರು ಸೇರಿದ್ದ. ಅಲ್ಲಿ ಕೂರಿಗೆ, ಕಟಾವಿನ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹೋಗಿ ಏಳು ವರ್ಷ. ಪಿಆರ್ ಸಿಕ್ಕಿತ್ತು. ಅರ್ಜಿ ಹಾಕುವಾಗಲೇ ಹೆಂಡತಿ ಇದ್ದಾಳೆ ಅಂತ ನೆಟ್ಟಗೆ ಬರೆದಿದ್ದ, ಪುಣ್ಯಾತ್ಮ. ಎಷ್ಟೋ ಮಂದಿ ಕೆಲಸ ಬೇಗ ಆಗಲಿ ಅಂತ ಅದನ್ನು ಮುಚ್ಚಿಟ್ಟು, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲಾಗದೆ ತಲೆ ಚಚ್ಚಿಕೊಳ್ಳುತ್ತಾರೆ. ಆಗ ಈಕೆ ಜೊತೆಗೆ ಹೋಗಲಿಲ್ಲ. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಗಂಡ ಈಕೆಗಾಗಿ ಅರ್ಜಿ ಹಾಕಿದ್ದ.

ಪತ್ರದ ಸಾರಾಂಶ ಇಷ್ಟು. ನಿಮ್ಮ ಮದುವೆ ನಿಜವಾದ ಮದುವೆ ಅಂತ ನಮಗೆ ಅನಿಸುತ್ತಿಲ್ಲ. ವಲಸೆ ಬರಲೆಂದೇ ಮಾಡಿಕೊಂಡ ಕಾಗದದ ಸಂಬಂಧ ಇರಬಹುದು. ಅಲ್ಲವೆಂದರೆ ಮೂವತ್ತು ದಿನದೊಳಗೆ ತೋರಿಸಿ.

ನಾನು ಓದಿ ಹೇಳುವಾಗ ಆಕೆ ನೆಲ ನೋಡುತ್ತ ನಿಂತಿದ್ದಳು. ಮುಗಿದ ಮೇಲೆ ತಲೆ ಎತ್ತಿದಳು.

"ವೀಸಾ ಕೊಡದಿದ್ರ ಬಿಡ್ಲಿ ಅಕ್ಕಾರ. ಗಂಡ-ಹೆಂಡ್ತಿ ಅಲ್ಲ ಅಂತ ಯಾಕ ಬರದಾರ?"

ಚೀಲದ ಉಳಿದ ಕಾಗದಗಳನ್ನು ಮೇಜಿನ ಮೇಲೆ ಹರವಿದೆ. ಒಂದೊಂದೇ ತಿರುವಿದಂತೆ ಬರೆದವರ ತಪ್ಪು ನನಗೆ ಕಾಣಲಿಲ್ಲ. ಮಕ್ಕಳಿಲ್ಲ. ಮದುವೆಯಾಗಿ ಹನ್ನೆರಡು ವರ್ಷ, ಜೊತೆಗಿದ್ದದ್ದು ಎಲ್ಲ ಕೂಡಿಸಿದರೆ ಎರಡು ವರ್ಷವೂ ಇಲ್ಲ. ಬಸವನ ಬಾಗೇವಾಡಿಯಲ್ಲಿ ಆದ ಮದುವೆಯ ಫೋಟೋ ಇತ್ತು. ಅದರಲ್ಲಿ ಇಬ್ಬರ ಹಣೆಗೂ ಬಾಸಿಂಗ, ಮುಖದ ಮೇಲೆ ಹೂವಿನ ಎಳೆ, ಸಾಲದ್ದಕ್ಕೆ ಇಬ್ಬರೂ ನೆಲ ನೋಡುತ್ತಿದ್ದಾರೆ. ಆ ಹೂವಿನ ಹಿಂದೆ ಯಾರು ಬೇಕಾದರೂ ಇರಬಹುದು. ಅವನು ರಜೆಗೆ ಬಂದಾಗಿನ ಫೋಟೋ ಹತ್ತಿಪ್ಪತ್ತು ಇದ್ದವು. ಎಲ್ಲದರಲ್ಲೂ ನಡುವೆ ಅತ್ತೆ. ಈಕೆ ಒಂದೋ ಅಂಚಿನಲ್ಲಿ, ಇಲ್ಲ ಅಡುಗೆಮನೆಯ ಬಾಗಿಲಲ್ಲಿ.

ಇದಕ್ಕಿಂತ ಕೆಟ್ಟದ್ದು ಸಂದರ್ಶನ. ಒಬ್ಬ ಅಧಿಕಾರಿ ಕನ್ನಡ ಬಲ್ಲ ದುಭಾಷಿಯನ್ನು ಇಟ್ಟುಕೊಂಡು ಫೋನಿನಲ್ಲಿ ಆಕೆಯನ್ನು ಮಾತಾಡಿಸಿದ್ದ. ಏನೇನು ಕೇಳಿದ, ನೀನೇನು ಹೇಳಿದೆ ಅಂತ ಒಂದೊಂದಾಗಿ ಬಿಡಿಸಿದೆ.

"ಮದುವಿ ಆದ ಮ್ಯಾಲ ಇಬ್ಬರೂ ಕೂಡಿ ಎಲ್ಲಿ ಹೋಗಿದ್ರಿ ಅಂತ ಕೇಳಿದ್ರು. ನಾ ತವರಿಗೆ ಹೋಗಿದ್ದೆ ಅಂದೆ."

"ಹೂಂ. ಮತ್ತ?"

"ಅವರು ರಜಾಕ್ಕ ಬಂದಾಗ ವಿಮಾನದ ಹಂತೇಲಿ ಕರಿಯಾಕ ಹೋಗಿದ್ರೇನು ಅಂದ್ರು. ಒಮ್ಮೆನೂ ಹೋಗಿಲ್ಲ ಅಂದೆ. ಬಾಗಲಾಗ ಕಾಲಿಗೆ ನೀರು ಕೊಡಾಕ ಮನ್ಯಾಗ ಯಾರರ ಇರಬೇಕಲ್ರಿ?"

"ಅದನ್ನೂ ಹೇಳಬೇಕಿಲ್ಲೇನು?"

"ಅವರು ಕೇಳ್ಲಿಲ್ಲ."

"ಮತ್ತ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಡೀಕ, ಗಂಡ ನೆನಪಾಗ್ತಾನೇನು ಅಂತ ಕೇಳಿದ್ರು."

"ನೀ ಏನಂದಿ?"

"ಇಲ್ರಿ ಅಂದೆ."

ನಾನು ಪೆನ್ನನ್ನು ಮೇಜಿಗೆ ಕುಕ್ಕಿದೆ. ಮೂಲೆಯಲ್ಲಿ ಚಾಚಾ ಕೀಬೋರ್ಡಿನಿಂದ ಕೈ ತೆಗೆದರು. "ಹುಚ್ಚಿ, ಯಾಕ ಹಂಗಂದಿ?" ಅಂತ ಕೂಗಿಯೇಬಿಟ್ಟೆ.

"ಭಾವ ಅಲ್ಲೇ ಹೊರಸಿನ ಮ್ಯಾಲ ಕುಂತಿದ್ರು ಅಕ್ಕಾರ."

ಅದೇ ನಡೆದದ್ದು. ದೊಡ್ಡ ಸಾಹೇಬರ ಫೋನು ಬರುತ್ತದೆ, ತಮ್ಮನ ಹೆಂಡತಿ ಹೆದರಬಾರದು ಅಂತ ಆ ದಪ್ಪ ಮೀಸೆಯವನು ಅವತ್ತು ಹೊಲಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದ. ಚೆನ್ನಾಗಿ ಕೇಳಿಸಲಿ ಅಂತ ಫೋನನ್ನು ಸ್ಪೀಕರಿಗೆ ಹಾಕಿಕೊಟ್ಟವನೂ ಅವನೇ. ಭಾವನ ಎದುರು ನಮ್ಮ ಹೆಣ್ಣುಮಕ್ಕಳು ಗಂಡನ ಮಾತೆತ್ತುವುದಿಲ್ಲ. ನೆನಪಾಗುತ್ತಾನೆ ಅನ್ನುವುದಂತೂ ದೂರದ ಮಾತು. ಮರ್ಯಾದೆಯಿಂದ ಕೊಟ್ಟ ಉತ್ತರವೆಲ್ಲ ಆಕೆಯ ವಿರುದ್ಧದ ಸಾಕ್ಷಿಯಾಗಿ ಕೂತಿತ್ತು. ಇಷ್ಟು ವರ್ಷದ ವಕೀಲಿಕೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಬಹಳ ನೋಡಿದ್ದೆ. ನಡತೆ ನೆಟ್ಟಗಿದ್ದು ಸಿಕ್ಕಿಬಿದ್ದವಳು ಇವಳೊಬ್ಬಳೇ.

"ಫೋನ್ ತೋರ್ಸು," ಅಂದೆ. ಗಂಡನ ನಂಬರಿಗೆ 'ಮನಿಯವರು' ಅಂತ ಹಾಕಿಕೊಂಡಿದ್ದಳು. ವಾಟ್ಸ್ಯಾಪ್ ತೆಗೆದೆ. ಬರೆದ ಅಕ್ಷರ ಒಂದೂ ಇರಲಿಲ್ಲ. ಬರೀ ಧ್ವನಿಯ ಮೆಸೇಜು, ಒಂದರ ಕೆಳಗೊಂದು, ಬೆರಳಿನಿಂದ ಎಷ್ಟು ಜಗ್ಗಿದರೂ ಮುಗಿಯಲೊಲ್ಲದು. ಒಂದನ್ನು ಒತ್ತಿದೆ. ಪಟ್ ಪಟ್ ಪಟ್ ಅಂತ ಸಪ್ಪಳ ಬಂತು. ಮಾತಿಲ್ಲ. ಇನ್ನೊಂದು ಒತ್ತಿದೆ. ಅದೇ ಸಪ್ಪಳ.

"ಏನಿದು, ಖಾಲಿ ಖಾಲಿ ಕಳಿಸೀ?"

ಆಕೆ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. ಮುಖ ಕೆಂಪಾಗಿತ್ತು. "ಅದು ರೊಟ್ಟಿ ಬಡಿಯೂ ಸಪ್ಪಳ್ರಿ. ಅದರಾಗ ಏನಿಲ್ಲ."

ಏನಿಲ್ಲ ಅನ್ನುವಾಗ ಆಕೆ ಚಾಚಾನ ಕಡೆ ನೋಡಿದಳು. ಚಾಚಾ ಎದ್ದು, "ಚಹಾ ಹೇಳಿ ಬರ್ತೇನ್ರಿ," ಅಂತ ಕೆಳಗೆ ಹೋದರು. ಅವರು ಮೆಟ್ಟಿಲು ಇಳಿಯುವ ಸದ್ದು ನಿಂತ ಮೇಲೆ ಆಕೆ ಹೇಳಿದಳು. ನಮ್ಮಲ್ಲಿ ಬೆಳಗಿನ ಏಳು ಗಂಟೆ ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ಅವನು ಕೆಲಸ ಮುಗಿಸಿ ಕೋಣೆಗೆ ಬಂದು ಉಣ್ಣಲು ಕೂರುವ ಹೊತ್ತು. ಈಕೆ ಒಲೆಯ ಮುಂದೆ ಕೂರುವ ಹೊತ್ತು. ಒಬ್ಬನೇ ಉಣ್ಣುವುದು ಬೇಸರ ಅಂತ ಮೊದಲ ವರ್ಷ ಅವನು ಅಂದಿದ್ದನಂತೆ. ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಫೋನು ಹಚ್ಚಿದರೆ ನಡುವೆಯೇ ಕಟ್ಟಾಗುತ್ತದೆ. ಅದಕ್ಕೆ ಈಕೆ ಎಲ್ಲರ ರೊಟ್ಟಿ ಮುಗಿದ ಮೇಲೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಅವನ ಪಾಲಿನದೊಂದು ರೊಟ್ಟಿ ಬಡಿದು, ಆ ಸಪ್ಪಳ ಕಳಿಸುತ್ತಾಳೆ. ಅವನು ಅದನ್ನು ಹಚ್ಚಿಕೊಂಡು ಉಣ್ಣುತ್ತಾನೆ. ಉಂಡಾದ ಮೇಲೆ ಅವನಿಂದ ಒಂದು ಮೆಸೇಜು ಬರುತ್ತದೆ. ಎರಡೇ ಕ್ಷಣದ್ದು. ಅದನ್ನೂ ಕೇಳಿಸಿದಳು.

"ಉಂಡೆ. ನೀ ಉಣ್ಣು."

ಆಗ ಈಕೆ ಆ ರೊಟ್ಟಿಯನ್ನು ತಾನು ತಿನ್ನುತ್ತಾಳೆ.

"ದಿನಾ?" ಅಂದೆ.

"ದಿನಾ ಅಲ್ದ ಮತ್ತ? ಊಟ ದಿನಾ ಮಾಡೂದಲ್ರಿ?"

ಹಳೆಯ ಫೋನಿನ ಜೊತೆ ಮೊದಲ ವರ್ಷಗಳದ್ದೆಲ್ಲ ಹೋಗಿತ್ತು. ಉಳಿದದ್ದು ನಾಲ್ಕು ವರ್ಷದ್ದು. ನಾನು ಕುರ್ಚಿಗೆ ಒರಗಿದೆ. ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಸಿಗದಷ್ಟು ಸಾಕ್ಷಿಯನ್ನು ಈಕೆ ಸೆರಗಿನ ಮರೆಯಲ್ಲಿಟ್ಟುಕೊಂಡು, ಏನಿಲ್ಲ ಅನ್ನುತ್ತಿದ್ದಳು.

ಇದನ್ನೇ ಕಳಿಸೋಣ ಅಂದೆ. ಆಕೆ ಸುತರಾಂ ಒಪ್ಪಲಿಲ್ಲ. ಅಡುಗೆಮನೆಯದು ಕೋರ್ಟಿಗೆ ಯಾಕೆ, ಯಾರೋ ಗಂಡಸರು ಕುರ್ಚಿಯ ಮೇಲೆ ಕೂತು ಕೇಳುತ್ತಾರಲ್ಲ ಅಂತ ಹಟ. ನಾನು ಬೈದೆ, ರಮಿಸಿದೆ, ದಿನ ಎಣಿಸಿ ಹೆದರಿಸಿದೆ. ಮೂರು ದಿನ ಬಿಟ್ಟು ತಾನೇ ಬಂದಳು. ಗಂಡನನ್ನು ಕೇಳಿದ್ದಳಂತೆ. "ನಿಂದು ನೀ ನೋಡು ಅಂದಾರ್ರಿ." ಎರಡು ಷರತ್ತು ಹಾಕಿದಳು. ಇಲ್ಲಿ ನಾನೊಬ್ಬಳೇ ಕೇಳಬೇಕು, ನಾನು ಬರೆದದ್ದನ್ನು ಚಾಚಾ ಟೈಪ್ ಮಾಡಬಹುದು ಅಷ್ಟೇ. ಭಾವನಿಗೆ ಮಾತ್ರ ಗೊತ್ತಾಗಬಾರದು. ಆಮೇಲೆ ಫೋನು ಕೊಡುವ ಮುಂಚೆ ಒಂದು ಮೆಸೇಜನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳಿಟ್ಟು, "ಇದೊಂದು ಬ್ಯಾಡ್ರಿ," ಅಂದಳು. ಸರಿ ಅಂದೆ. ಅದನ್ನು ನಾನು ಕೇಳಲಿಲ್ಲ.

ಬೆಳಗಿನ ರೊಟ್ಟಿ ಮುಗಿಸಿ ಆಕೆ ದಿನಾ ಫೋನು ತಂದು ಕೊಡುತ್ತಿದ್ದಳು, ಸಂಜೆ ಒಯ್ಯುತ್ತಿದ್ದಳು. ಒಂದು ವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಕೇಳುವುದು, ಬರೆಯುವುದು, ಇಂಗ್ಲಿಷಿಗೆ ತರುವುದು. ಮೊದಮೊದಲು ಅಸಡ್ಡೆಯಿಂದಲೇ ಕೇಳಿದೆ. ಎಷ್ಟಾದರೂ ರೊಟ್ಟಿ ಸಪ್ಪಳ. ಎರಡನೆಯ ದಿನದ ಹೊತ್ತಿಗೆ ನನಗೆ ಆ ಸಪ್ಪಳದಲ್ಲಿ ವ್ಯತ್ಯಾಸ ತಿಳಿಯತೊಡಗಿತು. ಸಿಟ್ಟಿದ್ದ ದಿನ ಬಡಿತ ಜೋರು. ಜ್ವರದ ದಿನ ನಡುನಡುವೆ ನಿಲ್ಲುತ್ತದೆ. ಸುಗ್ಗಿಯಲ್ಲಿ ಹೊಸ ಜೋಳ ಬಂದ ದಿನ ಮಾತ್ರ ಒಂದು ಮಾತು: "ಹಿಟ್ಟು ಚಲೋ ಜಿಗಿ ಐತಿ ನೋಡ್ರಿ." ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ ತೊದಲುತ್ತ, "ಯಾರ ಜೋಡಿ ಮಾತಾಡ್ತಿ?" ಅನ್ನುತ್ತಾಳೆ. ಈಕೆ, "ಯಾರಿಲ್ಲತ್ತಿ, ಬೆಕ್ಕು," ಅನ್ನುತ್ತಾಳೆ. ನಾನು ಒಬ್ಬಳೇ ನಕ್ಕೆ. ಅತ್ತೆ ಸತ್ತ ಮೂರನೆಯ ದಿನ ಗಂಡ ಊರಿಗೆ ಬಂದ, ಇಪ್ಪತ್ತು ದಿನ ಇದ್ದ. ಅಷ್ಟೂ ದಿನ ಮೆಸೇಜು ಇಲ್ಲ. ಇಪ್ಪತ್ತೊಂದನೆಯ ಬೆಳಿಗ್ಗೆ ಏಳಕ್ಕೆ ಮತ್ತೆ ಪಟ್ ಪಟ್ ಪಟ್.

ನಾಲ್ಕನೆಯ ದಿನ ಒಂದು ಚಳಿಗಾಲಕ್ಕೆ ಬಂದೆ. ಅವನ ಉತ್ತರ ನಿಂತಿತ್ತು. ಮೊದಲ ಬೆಳಿಗ್ಗೆ ಈಕೆಯ ರೊಟ್ಟಿ ಸಪ್ಪಳ ಎಂದಿನಂತೆ. ಉತ್ತರವಿಲ್ಲ. ಎರಡನೆಯ ಬೆಳಿಗ್ಗೆ ಸಪ್ಪಳದ ಕೊನೆಗೆ, "ಕೇಳ್ರಿ, ಕಾಯಾಕತ್ತೇನಿ." ಉತ್ತರವಿಲ್ಲ. ಮೂರನೆಯ ಬೆಳಿಗ್ಗೆ ಬಡಿತ ಅವಸರದ್ದು, ಮಾತಿಲ್ಲ. ನಾಲ್ಕನೆಯದರಲ್ಲಿ ಬಡಿತವೇ ಇಲ್ಲ. ಒಲೆಯ ಕಟ್ಟಿಗೆ ಚಟಚಟ ಅನ್ನುತ್ತದೆ, ಹೆಣ್ಣುಮಗಳೊಬ್ಬಳು ಉಸಿರಾಡುತ್ತಾಳೆ. ಕೆಳಗೆ ಕೋರ್ಟಿನಲ್ಲಿ ನನ್ನ ಕೇಸು ಕೂಗಿದ್ದಾರೆ ಅಂತ ಚಾಚಾ ಬಾಗಿಲು ತಟ್ಟಿದರು. ನಾನು ಏಳಲಿಲ್ಲ. ಎಂದೋ ಆಗಿಹೋದದ್ದು, ಆ ಮನುಷ್ಯ ಬದುಕಿದ್ದಾನೆ, ನನಗೆ ಗೊತ್ತು. ಆದರೂ ಫೋನನ್ನು ಕಿವಿಯ ಹತ್ತಿರ ತಂದುಕೊಂಡೆ. ಐದನೆಯ ದಿನದ್ದು ಒತ್ತಿದೆ. ಗೊಗ್ಗರು ದನಿ. "ಉಂಡೆ. ದವಾಖಾನಿ ಗಂಜಿ. ಅಪೆಂಡಿಕ್ಸ್ ಆಪರೇಶನ್ ಆತು, ಫೋನ್ ಖೋಲಿಯಾಗ ಉಳದಿತ್ತು. ನೀ ಉಣ್ಣು."

ನಾನು ಅಳುವವಳಲ್ಲ. ಕೋರ್ಟಿನಲ್ಲಿ ಅಳುವ ಹೆಂಗಸರನ್ನು ಗದರಿಸಿದವಳು. ಅವತ್ತು ಬಾಗಿಲು ಹಾಕಿದ್ದು ಒಳ್ಳೆಯದಾಯಿತು. ಮರುದಿನ ಆಕೆಯನ್ನು, "ಆ ನಾಕು ದಿನ ಏನ್ ಉಂಡಿ?" ಅಂತ ಕೇಳಿದೆ. "ಎಲ್ಲಿದ್ ಊಟ ತಗೀರಿ," ಅಂತ ನಕ್ಕಳು. ಅವತ್ತು ನಾನು ನಮ್ಮ ಮನೆಯವರಿಗೆ ಫೋನು ಮಾಡಿ ಊಟ ಆಯಿತಾ ಅಂತ ಕೇಳಿದೆ. ನಿವೃತ್ತ ಮಾಸ್ತರರು. ದಿನಾ ಪಕ್ಕದ ಕೋಣೆಯಿಂದ ನನಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸುವವರು. ಗಾಬರಿಯಾಗಿ, "ಯಾಕ, ಏನಾತು?" ಅಂದರು.

ಟೈಪ್ ಮಾಡುತ್ತಿದ್ದ ಚಾಚಾ ಆ ನಾಲ್ಕು ದಿನದ ಪುಟಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿದರು. "ಬಾಯಾರ, ಇದು ಇಂಗ್ಲಿಷಿನ್ಯಾಗ ಹಿಡಸಂಗಿಲ್ರಿ." ಹಿಡಿಸುವುದಿಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಕೊನೆಗೆ ಮಾತು ಬಿಟ್ಟು ಒಂದು ಪಟ್ಟಿ ಮಾಡಿದೆವು. ತಾರೀಕು, ಆಕೆ ಕಳಿಸಿದ ಹೊತ್ತು, ಅವನು ಉತ್ತರಿಸಿದ ಹೊತ್ತು. ಪುಟದ ಮೇಲೆ ಪುಟ. ಕನ್ನಡ ಬಾರದವನೂ ಅದನ್ನು ಓದಬಲ್ಲ. ಮುಗಿದ ಮೇಲೆ ಆ ಕಾಗದದ ಕಟ್ಟನ್ನು ಕೈಯಲ್ಲಿ ಎತ್ತಿ ನೋಡಿದೆ. ಪ್ರೀತಿ ಅನ್ನುವ ಶಬ್ದ ಅದರಲ್ಲಿ ಒಂದು ಕಡೆಯೂ ಇರಲಿಲ್ಲ.

ಇನ್ನು ಉಳಿದದ್ದು ಭಾವ. ಸಂದರ್ಶನದಲ್ಲಿ ಆಕೆ ಇಲ್ಲ ಅಂದದ್ದು ಯಾಕೆ ಅಂತ ಯಾರಾದರೂ ಪ್ರಮಾಣ ಮಾಡಿ ಹೇಳಬೇಕಿತ್ತು. ಆಕೆ ಇಲ್ಲದ ದಿನ ಅವನನ್ನು ಕರೆಸಿದೆ. ಕುರ್ಚಿಯ ಅಂಚಿಗೆ ಕೂತ. ಮೆಸೇಜಿನ ಮಾತು ಎತ್ತದೆ, ಫೋನಿನ ಸಂದರ್ಶನದ ವಿಷಯ ಮಾತ್ರ ಹೇಳಿದೆ. ನೀವು ಎದುರಿಗಿದ್ದದ್ದಕ್ಕೆ ಆಕೆ ಹಾಗಂದಳು ಅಂದೆ. ಅವನ ಮೀಸೆ ಅದುರಿತು.

"ನಾ ಹೊಲಕ್ಕ ಹೋಗಿದ್ರ ಚಲೋ ಇತ್ತಲ್ರಿ," ಅಂದ. ಎರಡೂ ಕೈ ಮೊಣಕಾಲ ಮೇಲೆ ಊರಿ, "ದಿನಾ ಹೋಗಾಂವ. ಅವತ್ತೊಂದು ದಿನ ಕುಂತೆ ನೋಡ್ರಿ," ಅಂದ.

ಆಗ ನನಗೆ ಏನೋ ಹೊಳೆಯಿತು. ಆ ವಾರವಿಡೀ ಮೆಸೇಜುಗಳಲ್ಲಿ ಒಂದು ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಹೆಚ್ಚುಕಡಿಮೆ ಎಲ್ಲದರ ಆರಂಭದಲ್ಲೂ, ಹೊರಗೆ ಎಲ್ಲೋ ಒಬ್ಬ ಗಂಡಸು ಕೆಮ್ಮುತ್ತಾನೆ, ಆಮೇಲೆ ಕಾಲ ಮೆಟ್ಟಿನ ಸದ್ದು ದೂರ ಹೋಗುತ್ತದೆ. ಹೆಂಗಸರಿರುವ ಕಡೆ ಹಿರಿಯರು ಬರುವ ಮುಂಚೆ ಕೆಮ್ಮುವುದು ನಮ್ಮ ಪದ್ಧತಿ. ಆದರೆ ಇದು ಬರುವ ಕೆಮ್ಮಲ್ಲ, ಹೋಗುವ ಕೆಮ್ಮು.

"ಮುಂಜಾನಿ ಏಳಕ್ಕ ನೀವು ಎಲ್ಲಿರ್ತೀರಿ?" ಅಂತ ಕೇಳಿದೆ.

ಅವನು ನನ್ನನ್ನು ದಿಟ್ಟಿಸಿದ. ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತಾಯಿತು. "ದನದ ಕೊಟಗ್ಯಾಗ್ರಿ. ಹುಡುಗೂರನ್ನೂ ಕರಕೊಂಡು ಹೋಗಿಬಿಡ್ತೇನಿ. ನಮ್ಮಕೀಗೂ ಹೇಳೇನಿ, ಆ ಹೊತ್ತಿಗೆ ಒಳಗ ಹೋಗಬ್ಯಾಡ ಅಂತ. ಗೊತ್ತಿದ್ದೂ ಗೊತ್ತಿಲ್ಲದಂಗ ಇದ್ದೇವ್ರಿ. ಅಕೀಗಿ ಗೊತ್ತಾಗೂದು ಬ್ಯಾಡ."

ಏಳು ವರ್ಷ. ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ತನ್ನ ಮನೆಯಿಂದ ತಾನೇ ಎದ್ದು, ಕೆಮ್ಮಿ, ಹೊರಗೆ ಹೋಗಿದ್ದಾನೆ, ತಮ್ಮನ ಹೆಂಡತಿಗೆ ಅಡುಗೆಮನೆ ಬಿಟ್ಟುಕೊಟ್ಟು. ಮೊದಲ ದಿನ ನಾನು ಅವನಿಗೆ ಸೊಕ್ಕು ಅಂದುಕೊಂಡದ್ದು ನೆನಪಾಗಿ ಮುಖ ಎತ್ತಲು ನಾಚಿಕೆಯಾಯಿತು. ಅವನು ಅಂದದ್ದನ್ನು ಅಂದಂತೆಯೇ, ಅವನ ಮಾತಿನಲ್ಲೇ ಬರೆಸಿದೆ: ನಾನು ಎದುರಿಗೆ ಕುಂತಿದ್ದೆ. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ನನ್ನ ಮುಂದೆ ಗಂಡನ ಮಾತಾಡುವುದಿಲ್ಲ. ಆಕೆ ದಿನಾ ಅವನಿಗೆ ರೊಟ್ಟಿ ಮಾಡುತ್ತಾಳೆ, ನಾನು ಬಲ್ಲೆ. ಚಾಚಾ ಓದಿ ಹೇಳಿದರು, ಅವನು ಸಹಿ ಮಾಡಿದ. ಸಹಿಯ ಕೆಳಗೆ ಸೋರಿದ ಶಾಯಿ ಒರೆಸಲು ತನ್ನ ಧೋತರದ ಅಂಚನ್ನೇ ಒತ್ತಿದ.

ಮೂವತ್ತು ದಿನಕ್ಕೆ ಎರಡು ದಿನ ಉಳಿದಿರುವಾಗ ಎಲ್ಲವನ್ನೂ ಗಂಡನಿಗೆ ಕಳಿಸಿದೆವು, ಅವನು ಅಲ್ಲಿಂದ ಹಾಕಿದ. ಆಮೇಲೆ ಕಾಯುವುದು. ಆಕೆ ವಾರಕ್ಕೊಮ್ಮೆ ಸಂತೆಯ ದಿನ ಮೇಲೆ ಹತ್ತಿ ಬಂದು, ಏನೂ ಕೇಳದೆ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಇಳಿದುಹೋಗುತ್ತಿದ್ದಳು. ನಾಲ್ಕು ತಿಂಗಳ ಮೇಲೆ ಒಂದು ದಿನ ಅವಳು ಇನ್ನೂ ಮೆಟ್ಟಿಲ ಮೇಲಿರುವಾಗಲೇ ನನಗೆ ತಿಳಿಯಿತು. ಓಡಿಕೊಂಡು ಹತ್ತುತ್ತಿದ್ದಳು. "ವೀಸಾ ಹಾಕಾಕ ಪಾಸ್‌ಪೋರ್ಟ್ ಕಳಸ್ರಿ ಅಂದಾರಂತ್ರಿ!" ನಾನು ಏನಾದರೂ ಹೇಳುವ ಮುಂಚೆ ಚಾಚಾ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ವಯಸ್ಸಿನವರು, ಕಚೇರಿಯಲ್ಲಿ!

ಹೋಗುವ ಮುಂಚೆ ಆಕೆ ಬಂದು ಕಾಲಿಗೆ ಬಿದ್ದಳು. ಬೇಡ ಅಂತ ಬೈದೆ. ರೊಟ್ಟಿಯ ಹಂಚು ಒಯ್ಯುತ್ತೀಯಾ ಅಂತ ಕೇಳಿದೆ. ಅದನ್ನೇ ಮೊದಲು ಕಟ್ಟಿದೆ ಅಂದಳು.

ಆಕೆ ಹೋಗಿ ಎರಡು ತಿಂಗಳಾಗಿರಬೇಕು. ನನ್ನ ಫೋನಿಗೆ ಆಕೆಯಿಂದ ಒಂದು ಧ್ವನಿ ಮೆಸೇಜು ಬಂತು. ಅದನ್ನು ಕೇಳಿ ಇಟ್ಟುಕೊಂಡಿದ್ದೆ. ಮರುದಿನ ಭಾವ ಯಾವುದೋ ಉತಾರದ ಕೆಲಸಕ್ಕೆ ಮೇಲೆ ಬಂದ. ಮನೆ ಹೇಗಿದೆ ಅಂದೆ.

"ಏಳು ಆತಂದ್ರ ಕಾಲು ತಾವೇ ಕೊಟಗಿಗೆ ಹೋಗ್ತಾವ್ರಿ," ಅಂತ ಮೀಸೆಯಲ್ಲೇ ನಕ್ಕ.

"ಕುಂದರ್ರಿ, ಒಂದು ಕೇಳಸ್ತೇನಿ," ಅಂದೆ.

ಆಕೆಯ ಷರತ್ತು ನೆನಪಿತ್ತು. ಆದರೆ ಇದು ನನಗೆ ಕಳಿಸಿದ್ದು ಅಂತ ವಕೀಲಳ ನೆಪ ಮಾಡಿಕೊಂಡು ಒತ್ತಿದೆ. ಪಟ್ ಪಟ್ ಪಟ್. ಬೇರೆ ಅಡುಗೆಮನೆ, ಬೇರೆ ಕಟ್ಟೆ, ಬಡಿತ ಮಾತ್ರ ಅದೇ. ಆಮೇಲೆ ಹತ್ತಿರದಲ್ಲೇ ಒಂದು ಗಂಡು ದನಿ: "ಸಾಕು ಬಿಡು, ಆರತೈತಿ. ನೀನೂ ಕುಂದ್ರು ಬಾ." ನಾಲ್ಕು ವರ್ಷದ ಮೆಸೇಜುಗಳಲ್ಲಿ ಆ ಎರಡು ದನಿಗಳನ್ನು ನಾನು ಒಮ್ಮೆಯೂ ಒಂದೇ ಕಡೆ ಕೇಳಿರಲಿಲ್ಲ.

ತಲೆ ಎತ್ತಿದೆ. ಎದುರಿನ ಕುರ್ಚಿ ಖಾಲಿಯಾಗಿತ್ತು. ಬಾಗಿಲಾಚೆ ಅವನು ಒಮ್ಮೆ ಕೆಮ್ಮಿದ, ಆಮೇಲೆ ಮೆಟ್ಟಿಲ ಮೇಲೆ ಅವನ ಮೆಟ್ಟಿನ ಸದ್ದು ಕೆಳಗೆ ಇಳಿಯಿತು.